ಖಾಲಿ ಜೇಬಿಗೆ ಕೈ ಹಾಕಿದರೂ ಕೇಸು ಕೇಸೇ!

ಬಸ್ಸಿನ ನೂಕುನುಗ್ಗಲಲ್ಲಿ ಒಬ್ಬ ಇನ್ನೊಬ್ಬನ ಜೇಬಿಗೆ ಕೈ ಇಳಿಸುತ್ತಾನೆ. ಜೇಬು ಬರಿದೋ ಬರಿದು. 'ಏನೂ ಕದ್ದಿಲ್ವಲ್ಲ, ಬಿಡ್ರಿ' ಎಂದರೆ ಬಿಡಬೇಕೆ? ಬೇಕಿಲ್ಲ. ಖಾಲಿ ಜೇಬಿನ ಈ ಉದಾಹರಣೆ ಕಾನೂನು ಪುಸ್ತಕದಲ್ಲೇ ಇದೆ. 1860ರ ದಂಡಸಂಹಿತೆಯ 511ನೇ ಕಲಮಿನಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 62ನೇ ಕಲಮಿಗೆ ಬಂದಿದೆ. ಬೇರೆ ಶಿಕ್ಷೆ ಹೇಳಿಲ್ಲದ ಕಡೆ, ಪ್ರಯತ್ನಕ್ಕೆ ಮೂಲ ಅಪರಾಧದ ಗರಿಷ್ಠ ಜೈಲುವಾಸದ ಅರ್ಧದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ.

ಹಾಗಂತ ಮನಸ್ಸಿನಲ್ಲೇ ಮಂಡಿಗೆ ತಿಂದವನನ್ನೆಲ್ಲ ಒಳಗೆ ಹಾಕುವಂತಿಲ್ಲ. ಬರೀ ಯೋಚನೆಗೆ ಶಿಕ್ಷೆಯಿಲ್ಲ. ದರೋಡೆಯಂಥ ಕೆಲವನ್ನು ಬಿಟ್ಟರೆ ಸಿದ್ಧತೆಗೂ ಇಲ್ಲ. ಸಿದ್ಧತೆ ಮುಗಿದು ಪ್ರಯತ್ನ ಎಲ್ಲಿ ಶುರುವಾಯಿತು? ವಕೀಲರು ಗುದ್ದಾಡುವುದು ಇಲ್ಲೇ.

ಎರಡು ಲಾರಿಗಳ ಕಥೆ ಕೇಳಿ. 1961ರಲ್ಲಿ 75 ಮೂಟೆ ಭತ್ತ ಹೇರಿಕೊಂಡು ಪಂಜಾಬಿನಿಂದ ದೆಹಲಿ ಕಡೆ ಹೊರಟ ಲಾರಿಯನ್ನು ಸಮಾಲ್ಖಾ ತಪಾಸಣೆ ಗೇಟಿನಲ್ಲಿ ಹಿಡಿದರು. ಪರ್ಮಿಟ್ ಇರಲಿಲ್ಲ. ಆದರೂ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಗಡಿ ಇನ್ನೂ ದೂರವಿತ್ತು; ಅಷ್ಟರಲ್ಲಿ ಮನಸ್ಸು ಬದಲಾಗಿ ಲಾರಿ ತಿರುಗಿಸಬಹುದಿತ್ತು ಎಂಬುದು ಕಾರಣ.

ಇನ್ನೊಂದು ಲಾರಿಯಲ್ಲಿ ಬೆಳ್ಳಿ ಗಟ್ಟಿ. ಮುಂಬಯಿ ಸಮೀಪದ ಕಡಲ ಕೊಲ್ಲಿಯ ಬಳಿ, ನಡುರಾತ್ರಿ, ಮಾಲು ಇಳಿಸುತ್ತಿದ್ದಾಗ ಸಿಕ್ಕಿತು. ಹತ್ತಿರದಲ್ಲೇ ದೋಣಿಯ ಎಂಜಿನ್ ಸದ್ದು! 1980ರಲ್ಲಿ ಸುಪ್ರೀಂ ಕೋರ್ಟು ಇದನ್ನು ಕಳ್ಳಸಾಗಣೆಯ ಪ್ರಯತ್ನ ಎಂದೇ ಹೇಳಿತು.

ಸರಿ, ಪ್ರಯತ್ನ ಶುರುಮಾಡಿ ನಡುವೆ ಪಶ್ಚಾತ್ತಾಪಪಟ್ಟು ವಾಪಸಾದರೆ? ಜರ್ಮನಿಯಲ್ಲಿ ಸ್ವಂತ ಇಚ್ಛೆಯಿಂದ ಕೈಬಿಟ್ಟವನಿಗೆ ಆ ಪ್ರಯತ್ನದ ಶಿಕ್ಷೆಯಿಲ್ಲ. ಅಮೆರಿಕದ 1962ರ ಮಾದರಿ ದಂಡಸಂಹಿತೆಯೂ ಇದನ್ನೊಪ್ಪುತ್ತದೆ. ಆದರೆ ಪೊಲೀಸ್ ಜೀಪು ಕಂಡು ಓಡಿದವನಿಗೆ, 'ಇವತ್ತು ಬೇಡ, ನಾಳೆ ನೋಡೋಣ' ಎಂದವನಿಗೆ ಈ ರಿಯಾಯಿತಿ ಸಿಗದು. ಇಂಗ್ಲೆಂಡಿನಲ್ಲಂತೂ ಗೆರೆ ದಾಟಿದ ಮೇಲೆ ಹಿಂದೆ ಸರಿದರೂ ಅಪರಾಧವೇ. ನಮ್ಮ 62ನೇ ಕಲಮೂ ಹಿಂದೆ ಸರಿದವನಿಗೆಂದು ಪ್ರತ್ಯೇಕ ಮಾಫಿ ಕೊಟ್ಟಿಲ್ಲ. ಪಶ್ಚಾತ್ತಾಪ ನಿಜವಾದರೆ ನ್ಯಾಯಾಧೀಶರು ಸಜೆ ಕಡಿಮೆ ಮಾಡಬಹುದು, ಅಷ್ಟೆ.

ಅಂಗಡಿಯವರು ಒಂದು ಮಾತು ನೆನಪಿಡಬೇಕು. ಬೆಳಗ್ಗೆ ಬಂದು ನೋಡಿದರೆ ಬೀಗ ಮುರಿದಿದೆ, ಗಲ್ಲಾಪೆಟ್ಟಿಗೆ ಹಾಗೇ ಇದೆ. 'ಏನೂ ಹೋಗಿಲ್ಲ, ಕಂಪ್ಲೇಂಟ್ ಯಾಕೆ' ಎಂದು ಸುಮ್ಮನಾಗಬಾರದು. ಹೋಗದಿದ್ದದ್ದು ನಿಮ್ಮ ಅದೃಷ್ಟ. ಬೀಗ ಮುರಿದದ್ದು ಅವನ ಅಪರಾಧ.