ಊರಿಗೆ ಹೊರಡುವ ಮುನ್ನ

‘ಕೆಟ್ಟು ಪಟ್ಟಣ ಸೇರು’ ಎಂದು ನಮ್ಮ ಹಿರಿಯರು ಹೇಳಿದರು. ಆ ಮಾತಿಗೆ ಓಗೊಟ್ಟೇ ನಮ್ಮಲ್ಲಿ ಬಹಳ ಮಂದಿ ಮುಂಬಯಿ, ಪುಣೆಗಳನ್ನು ಸೇರಿದೆವು. ಆದರೆ ಪಟ್ಟಣದಲ್ಲಿಯೇ ಕೆಟ್ಟರೆ ಎಲ್ಲಿಗೆ ಹೋಗಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅದು ಹೇಳದಿದ್ದರೂ ನಮ್ಮ ಕಾಲಿಗೆ ದಾರಿ ಗೊತ್ತು. ಕೆಲಸ ಹೋಯಿತೆಂದರೆ ಮರುದಿನವೇ ಗಂಟುಮೂಟೆ ಕಟ್ಟಿ ಊರಿನ ಬಸ್ಸು ಹಿಡಿಯುತ್ತೇವೆ. ನಾಲ್ಕು ದಿನ ಅವ್ವನ ಕೈಯ ರೊಟ್ಟಿ ತಿಂದು ಬಂದರೆ ಮನಸ್ಸು ಹಗುರಾದೀತೆಂಬ ಆಸೆ. ಆ ಆಸೆ ತಪ್ಪಲ್ಲ. ಆದರೆ ಬಸ್ಸಿನ ಟಿಕೇಟು ತೆಗೆಸುವ ಮುನ್ನ ಮಾಡಿ ಮುಗಿಸಬೇಕಾದ ಕೆಲಸ ಒಂದಿದೆ. ಅದನ್ನು ತಿಳಿಸಲೆಂದೇ ಈ ಲೇಖನ.

ನಾನು ಸರಕಾರಿ ಕಚೇರಿಯೊಂದರ ಕಾರಕೂನ. ಬಂದ ಕಾಗದಕ್ಕೆ ತಾರೀಖಿನ ಮುದ್ರೆ ಒತ್ತುವುದು, ಗಡುವು ಮೀರಿದ ಅರ್ಜಿಯನ್ನು ಹಿಂದಕ್ಕೆ ಕಳಿಸುವುದು ನನ್ನ ನಿತ್ಯದ ಉದ್ಯೋಗ. ಹಾಗಿದ್ದೂ ಮನೆಯವರ ವಿಷಯದಲ್ಲಿ ನಾನೇ ಎಡವಿದೆ.

ನಮ್ಮ ಕಕ್ಕನ ಮಗ ಪುಣೆಯ ಹತ್ತಿರ ಭೋಸರಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಕಾರಖಾನೆಯಲ್ಲಿದ್ದ. ಎಂಟು ವರ್ಷದ ಚಾಕರಿ, ತಿಂಗಳಿಗೆ ಹದಿನೆಂಟು ಸಾವಿರ ಪಗಾರ. 2024ರ ಆಗಸ್ಟಿನಲ್ಲಿ, ಗಣೇಶ ಚೌತಿ ಇನ್ನೂ ಹದಿನೈದು ದಿನವಿರುವಾಗ, ಕೆಲಸ ಕಡಿಮೆಯಾಯಿತೆಂದು ಕೆಲವರನ್ನು ಒಳಗೆ ಕರೆದರು. “ಮನೆಯ ಅಡಚಣೆಯಿಂದ ಸ್ವಂತ ಇಚ್ಛೆಯಿಂದ ಬಿಡುತ್ತೇನೆ ಎಂದು ಬರೆದುಕೊಡಿ, ಲೆಕ್ಕವೆಲ್ಲ ಒಂದೇ ಸಲಕ್ಕೆ ಚುಕ್ತಾ ಆಗುತ್ತದೆ” ಎಂದರಂತೆ. ಇವನು ಬರೆದುಕೊಟ್ಟ. ಅದೇ ಸಂಜೆ ನನಗೆ ಫೋನು ಮಾಡಿದ.

“ಅಣ್ಣಾ, ಊರಿಗೆ ಹೋಗಿ ಬರ್ತೀನಿ. ಹಬ್ಬಾ ಮುಗಿಸಿಕೊಂಡು ಬಂದು ಮುಂದಿಂದು ನೋಡಿದ್ರಾತು.”

ಏನು ಸಹಿ ಮಾಡಿದೆ ಎಂದು ನಾನು ಕೇಳಲಿಲ್ಲ. ಯಾವ ಕಾಗದ ಕೊಟ್ಟರು ಎಂದು ಕೇಳಲಿಲ್ಲ. “ಹೋಗಿ ಬಾರಪ್ಪಾ, ಮನಸ್ಸಿಗೆ ಹಗುರಾಗಲಿ” ಎಂದೆ. ಚೌತಿಗೆ ಹೋದವನು ದಸರೆ ಮುಗಿಸಿ ತಿರುಗಿ ಬಂದ. ಅಷ್ಟರಲ್ಲಿ ಕೈಗೆ ಬಂದಿದ್ದ ಹಣ ಮನೆಬಾಡಿಗೆಗೂ ಊರಿನ ಖರ್ಚಿಗೂ ಕರಗಿತ್ತು.

ಆಗ ಅವನನ್ನು ಕರೆದುಕೊಂಡು ಇ. ಎಸ್. ಐ. ಶಾಖಾ ಕಚೇರಿಗೆ ಹೋದೆ. ನೌಕರರ ರಾಜ್ಯ ವಿಮೆ ನಮಗೆ ಹೊಸದಲ್ಲ. 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ಆರಂಭವಾದ ಯೋಜನೆಯಿದು. ಕಾರ್ಮಿಕನ ಪಗಾರದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕನಿಂದ ಮೂರೂಕಾಲು ರೂಪಾಯಿ ಎಂದು 2019ರ ಜುಲೈಯಲ್ಲಿ ವಂತಿಗೆಯನ್ನು ಗೊತ್ತುಮಾಡಿದರು. 2017ರ ಜನವರಿಯಲ್ಲಿ ಪಗಾರದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದ್ದರು. ಇದನ್ನು ಆಸ್ಪತ್ರೆಯ ಚೀಟಿ ಎಂದಷ್ಟೇ ನಮ್ಮವರು ತಿಳಿದಿದ್ದಾರೆ. ಕೆಲಸ ಹೋದಾಗಲೂ ಇದು ಕೈಹಿಡಿಯುತ್ತದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಕೈಹಿಡಿಯುವ ದಾರಿಗಳು ಎರಡು.

ಮೊದಲನೆಯದು 2005ರ ಏಪ್ರಿಲ್ 1ರಿಂದ ಬಂದ ರಾಜೀವ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರಖಾನೆ ಮುಚ್ಚಿದವರಿಗೆ, ಹಿಂಬಡ್ತಿಯಲ್ಲ, ಕಡಿತದಿಂದ ಕೆಲಸ ಕಳೆದುಕೊಂಡವರಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಗುರಿಯಾದವರಿಗೆ ಇದು ಸಲ್ಲುತ್ತದೆ. ಪಗಾರದ ಆಧಾರದ ಮೇಲೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಅದರ ಗರಿಷ್ಠ ಅವಧಿ ಎರಡು ವರ್ಷ. ಆ ಅವಧಿಯಲ್ಲಿ ಕುಟುಂಬಕ್ಕೆ ವೈದ್ಯಕೀಯ ನೆರವೂ ಉಂಟು. ಆದರೆ ತಾನಾಗಿ ರಾಜೀನಾಮೆ ಕೊಟ್ಟವನಿಗೆ ಈ ಬಾಗಿಲು ತೆರೆಯುವುದಿಲ್ಲ.

ಎರಡನೆಯದು 2018ರ ಜುಲೈ 1ರಂದು ಆರಂಭವಾದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. ಮೊದಲು ಇದರಲ್ಲಿ ಸರಾಸರಿ ದಿನಗಳಿಕೆಯ ಕಾಲುಭಾಗ ಮಾತ್ರ ಕೊಡುತ್ತಿದ್ದರು, ಅದೂ ಮೂರು ತಿಂಗಳು ನಿರುದ್ಯೋಗಿಯಾಗಿ ಕಳೆದ ಮೇಲೆ. 2020ರಲ್ಲಿ ಕಾಲುಭಾಗವನ್ನು ಅರ್ಧಕ್ಕೆ ಏರಿಸಿ, ಮೂರು ತಿಂಗಳನ್ನು 30 ದಿನಕ್ಕೆ ಇಳಿಸಿದರು. ಮಾಲಿಕರ ಮೂಲಕ ಹೋಗದೆ ನೇರವಾಗಿ ಅರ್ಜಿ ಹಾಕುವ ಅವಕಾಶವನ್ನೂ ಕೊಟ್ಟರು. ದಿನಕ್ಕೆ ಸರಾಸರಿ 600 ರೂಪಾಯಿ ಗಳಿಸುತ್ತಿದ್ದವನಿಗೆ ದಿನಕ್ಕೆ 300 ರೂಪಾಯಿ. ಜೀವಮಾನದಲ್ಲಿ ಒಟ್ಟು 90 ದಿನಕ್ಕೆ, ಅಂದರೆ 27,000 ರೂಪಾಯಿ. ಮುಂದಿನ ತಿಂಗಳ ಹಣವನ್ನು ಮುಂಗಡವಾಗಿ ಕೇಳುವಂತಿಲ್ಲ; ಕೆಲಸವಿಲ್ಲದೆ ಕಳೆದ ತಿಂಗಳಿಗಷ್ಟೇ ಅರ್ಜಿ. ದುರ್ನಡತೆಯಿಂದ ಕೆಲಸ ಕಳೆದುಕೊಂಡವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇದು ಸಲ್ಲದು. ಯೋಜನೆಯನ್ನು ಅವಧಿ ಅವಧಿಗೆ ವಿಸ್ತರಿಸುತ್ತ ಬಂದಿರುವುದರಿಂದ, ಅರ್ಜಿಗೆ ಮುಂಚೆ ಅದು ಜಾರಿಯಲ್ಲಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಇಲ್ಲಿ ದಿನಗಳ ಲೆಕ್ಕವೊಂದಿದೆ. ಇ. ಎಸ್. ಐ. ಪಂಚಾಂಗದಲ್ಲಿ ವರ್ಷಕ್ಕೆ ಎರಡೇ ವಂತಿಗೆ ಅವಧಿ: ಏಪ್ರಿಲಿನಿಂದ ಸೆಪ್ಟೆಂಬರ್, ಅಕ್ಟೋಬರಿನಿಂದ ಮಾರ್ಚ್. 2020ರ ನಿಯಮದಂತೆ ಕೆಲಸ ಹೋಗುವ ಮುಂಚೆ ಎರಡು ವರ್ಷ ವಿಮೆಯ ನೌಕರಿಯಲ್ಲಿರಬೇಕು. ಕೆಲಸ ಹೋಗುವುದಕ್ಕೆ ತೀರ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ, ಆ ಎರಡು ವರ್ಷದ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೊಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಮಾಲಿಕರು ನಮ್ಮ ಹೆಸರಿನಲ್ಲಿ ಎಷ್ಟು ದಿನ ತುಂಬಿದ್ದಾರೆಂಬುದನ್ನು ಕೆಲಸದಲ್ಲಿದ್ದಾಗಲೇ ನೋಡಿಟ್ಟುಕೊಳ್ಳುವುದು ಜಾಣತನ.

ನನ್ನ ತಮ್ಮನ ದಿನಗಳೇನೋ ಸರಿಯಾಗಿದ್ದವು. ಮೇಜಿನ ಆಚೆ ಕುಳಿತವರು ಅವನ ಕಾಗದವನ್ನು ಓದಿ, “ಸ್ವಂತ ಇಚ್ಛೆಯಿಂದ ಎಂದು ನೀವೇ ಬರೆದಿದ್ದೀರಲ್ಲ?” ಎಂದರು. ಮೊದಲನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಎರಡನೆಯ ಅರ್ಜಿಗೂ ಆ ಕಾಗದದ ವಿವರಣೆ ಬೇಕಾಯಿತು. ಅದರ ಜೊತೆಗೆ ಇನ್ನೊಂದು ತೊಡಕು. ನಮ್ಮ ಕಡೆಯ ಶಾಲೆಯ ದಾಖಲೆಯಲ್ಲಿ ಹೆಸರಿನೊಡನೆ ತಂದೆಯ ಹೆಸರಿನ ಮೊದಲಕ್ಷರವಷ್ಟೇ ಇರುತ್ತದೆ. ಮಹಾರಾಷ್ಟ್ರದ ಕಾರಖಾನೆಯಲ್ಲಿ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಆಧಾರದಲ್ಲಿ ಒಂದು, ವಿಮೆಯಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಒಬ್ಬನೇ ಮನುಷ್ಯ ಮೂವರಾಗಿ ನಿಂತಿದ್ದ. ತಿದ್ದುಪಡಿಗೆಂದು ಓಡಾಡುವುದರಲ್ಲಿ ಡಿಸೆಂಬರು ಬಂತು. ಮಗಳ ಶಾಲೆಯ ಫೀಸಿಗೆ ಅವನ ಹೆಂಡತಿಯ ಬೋರಮಾಳ ಒತ್ತೆಗೆ ಹೋಯಿತು. ಕೊನೆಗೆ ಅವನಿಗೆ ಹಣ ಬಂತೆಂದು ಬರೆಯಲು ನನಗೂ ಆಸೆ, ಬರಲಿಲ್ಲ. ಕಡಿಮೆ ಪಗಾರದ ಬೇರೊಂದು ಕೆಲಸ ಸಿಕ್ಕಿದೊಡನೆ ಅವನು ಅರ್ಜಿಯನ್ನು ಅರ್ಧಕ್ಕೇ ಬಿಟ್ಟ. ಅದೇ ದಿನ ಒಳಗೆ ಕರೆಸಿಕೊಂಡಿದ್ದ ಅವನ ಜೊತೆಗಾರನೊಬ್ಬ “ಮನೆಯಲ್ಲಿ ಕೇಳಿ ಹೇಳುತ್ತೇನೆ” ಎಂದು ಸಹಿ ಹಾಕದೆ ಎದ್ದು ಬಂದಿದ್ದ. ಅವನಿಗೆ ಕಡಿತದ ಪತ್ರವೇ ಸಿಕ್ಕಿತು, ಭತ್ಯೆಯೂ ಮಂಜೂರಾಯಿತು.

ಕಡಿತದ ಪತ್ರದ ಬೆಲೆ ಭತ್ಯೆಯಲ್ಲಿಗೇ ಮುಗಿಯುವುದಿಲ್ಲ. ಒಂದು ವರ್ಷ ಎಡೆಬಿಡದೆ ದುಡಿದ ಕಾರ್ಮಿಕನನ್ನು ಕಡಿತ ಮಾಡುವಾಗ ಒಂದು ತಿಂಗಳ ನೋಟೀಸು ಇಲ್ಲವೆ ಅದರ ಪಗಾರ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಇತ್ತು. ಎಂಟು ವರ್ಷಕ್ಕೆ 120 ದಿನದ ಪಗಾರವಾಯಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಈ ಹಕ್ಕು ಅದರಲ್ಲಿಯೂ ಉಳಿದಿದೆ. ಮೇಲಾಗಿ ಮರುಕೌಶಲ ನಿಧಿಯಿಂದ ಇನ್ನೂ 15 ದಿನದ ಪಗಾರವನ್ನು 45 ದಿನದೊಳಗೆ ಕಾರ್ಮಿಕನ ಖಾತೆಗೆ ಹಾಕಬೇಕೆಂದಿದೆ. ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆಯಂತೆ, ಬರಬೇಕಾದ ಪಗಾರವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ‘ರಾಜೀನಾಮೆ ಕೊಟ್ಟರೆ ಬೇಗ ಚುಕ್ತಾ’ ಎಂಬ ಮಾತಿನಲ್ಲಿ ಹುರುಳಿಲ್ಲವೆಂಬುದು ಇದರಿಂದಲೇ ಗೊತ್ತಾಗುತ್ತದೆ.

21,000ದ ಮಿತಿ ದಾಟಿದವರಿಗೆ ಇ. ಎಸ್. ಐ. ಇಲ್ಲ. ಅವರಿಗೆ ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯೇ ಆಸರೆ. ನಿರುದ್ಯೋಗದ ಒಂದು ತಿಂಗಳ ಬಳಿಕ ಭವಿಷ್ಯನಿಧಿಯ ಮುಕ್ಕಾಲು ಪಾಲು ತೆಗೆಯಬಹುದೆಂದು 2018ರಲ್ಲಿ ನಿಯಮವಾಯಿತು. ಮುಕ್ಕಾಲು ಪಾಲನ್ನು ಕೂಡಲೇ, ಉಳಿದುದನ್ನು ಹನ್ನೆರಡು ತಿಂಗಳ ಮೇಲೆ ಕೊಡುವುದೆಂದು 2025ರ ಅಕ್ಟೋಬರಿನಲ್ಲಿ ನಿಧಿಯ ಮಂಡಳಿ ತೀರ್ಮಾನಿಸಿತು. ತೆಗೆಯಬಹುದೆಂದು ಎಲ್ಲವನ್ನೂ ತೆಗೆಯಬೇಡಿ; ಅದು ಮುಪ್ಪಿನ ಬುತ್ತಿ.

ಕೊನೆಗೆ, ಕೆಲಸ ಹೋದವರ ಮನೆಯಲ್ಲಿ ಮೊದಲ ವಾರ ಆಗಬೇಕಾದುದಿಷ್ಟು. ಸ್ವಂತ ಇಚ್ಛೆ ಎಂಬ ಮಾತಿರುವ ಯಾವ ಕಾಗದಕ್ಕೂ ಅಲ್ಲಿಯೇ ನಿಂತು ಸಹಿ ಹಾಕಬೇಡಿ; ಒಂದು ರಾತ್ರಿಯ ಅವಕಾಶ ಕೇಳಿ. ಕೆಲಸದ ಕೊನೆಯ ದಿನವನ್ನೂ ತೆಗೆದ ಕಾರಣವನ್ನೂ ಬರಹದಲ್ಲಿ ಪಡೆಯಿರಿ. ಆಧಾರ, ಬ್ಯಾಂಕು, ವಿಮೆ ಮೂರರಲ್ಲಿಯೂ ಹೆಸರು ಒಂದೇ ಇದೆಯೇ ನೋಡಿ. ಶಾಖಾ ಕಚೇರಿಗೆ ಹೋಗಿ, ಎರಡು ಯೋಜನೆಗಳಲ್ಲಿ ನಿಮಗೆ ಯಾವುದು ಸಲ್ಲುತ್ತದೆ, ಅರ್ಜಿಯ ಗಡುವು ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ಕೊಟ್ಟ ಕಾಗದಕ್ಕೆಲ್ಲ ಪೋಚು ತೆಗೆದುಕೊಳ್ಳಿ. ಇಷ್ಟಾದ ಮೇಲೆ ಸುಖವಾಗಿ ಊರಿಗೆ ಹೋಗಿ ಬನ್ನಿ.

ಕೆಲಸ ಹೋದುದನ್ನು ಹೇಳಿಕೊಳ್ಳಲು ನಮ್ಮವರಿಗೆ ನಾಚಿಕೆ. ಕೇಳಲು ನಮಗೆ ಸಂಕೋಚ. ಈ ನಾಚಿಕೆ ಸಂಕೋಚಗಳ ನಡುವೆ ದಿನಗಳು ಜಾರುತ್ತವೆ. ಮೊನ್ನೆ ಯುಗಾದಿಗೆ ಅವರ ಮನೆಗೆ ಹೋದಾಗ ಬೋರಮಾಳ ಬಿಡಿಸಿಕೊಂಡು ಬಂದಿದ್ದರು. ಬೇವು ಬೆಲ್ಲ ಕೊಡುತ್ತ ಅವನ ಹೆಂಡತಿ ಎಂದಳು: “ಊರು ಎಲ್ಲಿಗೂ ಹೋಗೂದಿಲ್ಲರಿ ಭಾವಾ, ಅಲ್ಲೇ ಇರತೈತಿ. ತಾರೀಖು ಹೋದ್ರ ಬರೂದಿಲ್ಲ ನೋಡ್ರಿ.” ತಾರೀಖಿನ ಮುದ್ರೆ ಒತ್ತುವ ನಾನು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನಾದೆ.