ಕುದೂರಿನ ನೆರೆಯ ಚಿರತೆ

ಕುದೂರಿನ ಬಳಿ ಭೈರವದುರ್ಗದ ಕಡೆ ಕಣ್ಣು ಹಾಯಿಸಿದರೆ ನಿಮಗೆ ಕಾಣುವುದು ದಟ್ಟವಾದ ಅಡವಿಯಲ್ಲ. ಬರಿಯ ಬಂಡೆ, ನಡುನಡುವೆ ಕುರುಚಲು ಪೊದೆ, ಕೆಳಗೆ ರಾಗಿಯ ಹೊಲ. ಇಂಥಲ್ಲಿ ಚಿರತೆ ಕಾಣಿಸಿಕೊಂಡರೆ, ಎಲ್ಲಿಯೋ ಕಾಡಿನಿಂದ ದಾರಿ ತಪ್ಪಿ ಬಂದಿರಬೇಕೆಂದು ನಾವು ಮಾತನಾಡಿಕೊಳ್ಳುವುದುಂಟು. ಅದು ಎಲ್ಲಿಂದಲೂ ಬಂದುದಲ್ಲ. ಮಾಗಡಿ ಸೀಮೆಯ ಕಲ್ಲುಗುಡ್ಡಗಳೇ ಅದರ ಮನೆ.

ಹುಲಿಗೆ ದೊಡ್ಡ ಕಾಡೂ ದೊಡ್ಡ ಬೇಟೆಯೂ ಬೇಕು. ಚಿರತೆಗೆ ಮೊಲವಾದರೂ ಆದೀತು, ನವಿಲಾದರೂ ಆದೀತು. ಕೋತಿ, ಹಂದಿಮರಿ, ಮೇಕೆ, ಬೀದಿನಾಯಿ ಯಾವುದನ್ನೂ ಅದು ಒಲ್ಲೆನೆನ್ನದು. ಹಗಲೆಲ್ಲ ಬಂಡೆಯ ಸಂದಿನಲ್ಲಿ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಡುತ್ತದೆ. ಗಂಡು ಸಾಮಾನ್ಯವಾಗಿ 50ರಿಂದ 70 ಕಿಲೋ ತೂಗುತ್ತದೆ. ಆದರೂ ಹೆಜ್ಜೆಯ ಸಪ್ಪಳವಿಲ್ಲ. ಅದರ ಕೂಗು ಮರ ಕೊಯ್ಯುವ ಗರಗಸದ ಸದ್ದಿನಂತೆ. ಮೂರು ತಿಂಗಳ ಗರ್ಭದ ಬಳಿಕ ಹೆಣ್ಣು ಎರಡು ಮೂರು ಮರಿ ಹಾಕಿ, ಒಂದೂವರೆ ಎರಡು ವರ್ಷ ಜೊತೆಯಲ್ಲಿಟ್ಟುಕೊಂಡು ಬೇಟೆ ಕಲಿಸುತ್ತದೆ. ನಮ್ಮ ಬೆರಳಚ್ಚಿನಂತೆ ಒಂದೊಂದರ ಚುಕ್ಕೆಯೂ ಬೇರೆ ಬೇರೆ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ, ಈ ಚುಕ್ಕೆಗಳಿಂದಲೇ ಅವುಗಳನ್ನು ಎಣಿಸುತ್ತಾರೆ. (ಹಳ್ಳಿಗಳಲ್ಲಿ ಕೆಲವರು ಕಿರುಬವೆನ್ನುವುದೂ ಇದನ್ನೇ, ಕತ್ತೆಕಿರುಬ ಬೇರೆ ಪ್ರಾಣಿ.)

ಮನುಷ್ಯನನ್ನು ಕಂಡರೆ ಸರಿದುಹೋಗುವುದೇ ಇದರ ಸ್ವಭಾವ. ಹಾಗೆಂದು ಭಯಕ್ಕೆ ಕಾರಣವಿಲ್ಲವೆನ್ನಲಾಗದು. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ರಾತ್ರಿ ಮಲಗಿದ್ದ ಮಗುವೊಂದನ್ನು ಚಿರತೆ ಹೊತ್ತೊಯ್ದು ಕೊಂದಿತು. ಅದೇ ತಿಂಗಳು ವೃದ್ಧೆಯೊಬ್ಬರೂ ಬಲಿಯಾದರು. ಅಂಥ ಪ್ರಾಣಿಯನ್ನು ಹಿಡಿಯಲೇಬೇಕು. ಆದರೆ ಕಂಡ ಕಂಡ ಚಿರತೆಗೆಲ್ಲ ಬೋನಿಟ್ಟು ದೂರದ ಕಾಡಿಗೆ ಬಿಡುವುದು ಬೇರೆಯೇ ಮಾತು. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಹೀಗೆ ಮಾಡಿ ನೋಡಿದರು. ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು! ಪರಸ್ಥಳದಲ್ಲಿ ಬಿಟ್ಟ ಪ್ರಾಣಿ ತನ್ನ ನೆಲೆಯನ್ನು ಹುಡುಕುತ್ತ ಅಲೆಯುತ್ತದೆ. ಇತ್ತ ತೆರವಾದ ಜಾಗಕ್ಕೆ ಮತ್ತೊಂದು ಬಂದು ಸೇರುತ್ತದೆ.

ಆದುದರಿಂದ ಕುರಿಮೇಕೆಗಳ ರೊಪ್ಪಕ್ಕೆ ಬೇಲಿ ಸಾಲದು, ಮೇಲೆ ಮುಚ್ಚಿಗೆಯೂ ಗಟ್ಟಿ ಬಾಗಿಲೂ ಇರಲಿ. ನಾಯಿಯನ್ನು ರಾತ್ರಿ ಒಳಗೆ ಕಟ್ಟಿರಿ. ಕೋಳಿ ಅಂಗಡಿಯ ತ್ಯಾಜ್ಯವನ್ನು ಊರ ಹೊರಗೆ ಸುರಿದರೆ ನಾಯಿಗಳು ಕೂಡುತ್ತವೆ, ನಾಯಿಗಳ ಹಿಂದೆ ಚಿರತೆ. ಸೆಕೆಯೆಂದು ಅಂಗಳದಲ್ಲಿ ಮಲಗಬೇಡಿರಿ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬೇಡಿರಿ. ಹಗಲಿನಲ್ಲಿ ಚಿರತೆ ಕಂಡಾಗ ಊರೇ ಸುತ್ತುವರಿದು ಕೂಗುವುದಂತೂ ಕೂಡದು. ತಪ್ಪಿಸಿಕೊಳ್ಳಲು ದಾರಿ ಕಾಣದಾಗಲೇ ಅದು ಮೈಮೇಲೆ ಬೀಳುವುದು. ಅರಣ್ಯ ಇಲಾಖೆಯವರಿಗೆ ತಿಳಿಸಿ, ಜನರನ್ನು ದೂರವಿರಿಸಿದರೆ ಎಷ್ಟೋ ಸಲ ಇರುಳಾಗುತ್ತಲೇ ತಾನಾಗಿ ಬೆಟ್ಟ ಸೇರುತ್ತದೆ.