ಸಂಗಮದ ತಲೆಗಿಂಬು

ಮಲಗುವ ಮನುಷ್ಯನಿಗೆ ತಲೆಯ ಕೆಳಗೆ ಏನಾದರೊಂದು ಬೇಕು. ನಂಜನಗೂಡಿನ ದೊಡ್ಡ ಜಾತ್ರೆಯ ರಾತ್ರಿ ಕಪಿಲೆಯ ಸೋಪಾನಗಳ ಮೇಲೆ ಯಾತ್ರಿಕರು ಸಾಲುಸಾಲಾಗಿ ಮಲಗಿರುವುದನ್ನು ನಾವು ಬಾಲ್ಯದಿಂದಲೂ ನೋಡುತ್ತಿದ್ದೇವೆ. ಒಬ್ಬನಿಗೆ ಬಟ್ಟೆಯ ಗಂಟು, ಇನ್ನೊಬ್ಬಳಿಗೆ ಮಡಿಚಿದ ತೋಳು, ಮತ್ತೊಬ್ಬ ಮುದುಕನಿಗೆ ಮೆಟ್ಟಿಲಿನ ಕಲ್ಲೇ ಸಾಕು. ಅಮರಸಿಂಹನು ತನ್ನ ಕೋಶದಲ್ಲಿ ಇದಕ್ಕೆ ಉಪಧಾನ, ಉಪಬರ್ಹ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ನಮ್ಮ ಹಿಂದಿನ ಕವಿಗಳಿಗೆ ಅದು ತಲೆಗಿಂಬು. ಮನೆಯ ಮಾತಿನಲ್ಲಿ ದಿಂಬು. ಇಷ್ಟು ಸಾಮಾನ್ಯವಾದ ವಸ್ತುವಿನ ವಿಷಯದಲ್ಲಿ ಲೇಖನವೇಕೆಂದು ವಾಚಕರು ಕೇಳಬಹುದು. ಬಹುಕಾಲದ ಹಿಂದೆ ನಾವು ಮಾಡಿದ ಒಂದು ತಪ್ಪೇ ಇದಕ್ಕೆ ಕಾರಣ.

ಆಗ ನಾವು ತಿರುಮಕೂಡಲು ನರಸೀಪುರದ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಹೇಳುತ್ತಿದ್ದೆವು. ಒಂದು ದಿನ ಹೊಳೆದಂಡೆಯ ಹಳ್ಳಿಯ ಹುಡುಗನೊಬ್ಬನು, "ಸಾ, ಹೊಲ ಉಳೋವಾಗ ಸಿಕ್ತು" ಎಂದು ಸುಟ್ಟ ಮಣ್ಣಿನ ಒಂದು ತುಂಡನ್ನು ತಂದು ಮೇಜಿನ ಮೇಲಿಟ್ಟನು. ಬೂದು ಬಣ್ಣ, ಎರಡು ಅಂಗೈಯಗಲ, ಮೇಲ್ಭಾಗವು ಕುದುರೆಯ ಜೀನಿನಂತೆ ನಡುವೆ ತಗ್ಗಾಗಿದ್ದಿತು, ಕೆಳಗೆ ಎರಡು ಮೋಟುಕಾಲುಗಳು, ಉಳಿದೆರಡು ಮುರಿದುಹೋದ ಗುರುತು. ನಾವು ಅದನ್ನು ಒಮ್ಮೆ ಹೊರಳಿಸಿ ನೋಡಿ, ಹಳೆಯ ಒಲೆಯ ಚೂರೆಂದು ತೀರ್ಪು ಹೇಳಿ, ಮೇಜೆಲ್ಲ ಮಣ್ಣಾಯಿತೆಂದು ಗದರಿಸಿ, ಅದನ್ನು ಆಚೆಗೆ ಎಸೆದು ಬರುವಂತೆ ಕಳುಹಿಸಿದೆವು. ಹುಡುಗನ ಮುಖ ಬಾಡಿದುದು ಮಾತ್ರ ನೆನಪಿನಲ್ಲಿ ಉಳಿದುಕೊಂಡಿತು.

ನಿವೃತ್ತರಾದ ಮೇಲೆ, ಮೈಸೂರಿನಲ್ಲಿ ಒಂದು ಮಧ್ಯಾಹ್ನ ಪುರಾತತ್ತ್ವದ ಗ್ರಂಥವೊಂದನ್ನು ಸುಮ್ಮನೆ ಮಗುಚುತ್ತಿರುವಾಗ ಅದೇ ಆಕಾರವು ಚಿತ್ರದಲ್ಲಿ ನಮ್ಮ ಕಣ್ಣಿಗೆ ಬಿದ್ದಿತು. ಅದು ಒಲೆಯ ಚೂರಲ್ಲ, ತಲೆಗಿಂಬು. ಅದೂ ನರಸೀಪುರದ ಸಂಗಮದಲ್ಲಿಯೇ ದೊರೆತುದು! 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಆಯುಧವನ್ನು ಗುರುತಿಸಿ ಪ್ರಸಿದ್ಧನಾದ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು ಇಂಥ ಮಣ್ಣಿನ ದಿಂಬುಗಳನ್ನು ಇಲ್ಲಿಂದ ಸಂಗ್ರಹಿಸಿದ್ದನು. ಅವನ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡಿತು. ಅದರ ವಿವರಣೆಯು ಅವನು ಗತಿಸಿದ ಬಳಿಕ 1916ರಲ್ಲಿ ಅಚ್ಚಾಯಿತು. 1966ರಲ್ಲಿ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಈ ದಿಂಬುಗಳ ಮೇಲೆಯೇ ಒಂದು ಪ್ರಬಂಧವನ್ನು ಬರೆದರು. ನಮ್ಮವರೇ ಆದ ಎಂ. ಶೇಷಾದ್ರಿಯವರು 1959ರಿಂದ 1965ರ ನಡುವೆ ನರಸೀಪುರದಲ್ಲಿ ಭೂಶೋಧನೆ ನಡೆಸಿ, ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನೂ ಬೂದುಬಣ್ಣದ ಮಡಕೆಗಳನ್ನೂ ಸಮಾಧಿಗಳನ್ನೂ ಬೆಳಕಿಗೆ ತಂದು, 1971ರಲ್ಲಿ ವರದಿಯನ್ನು ಪ್ರಕಟಿಸಿದರು. ಆ ಜನರು ಅಲ್ಲಿ ಬಾಳಿದುದು ಇಂದಿಗೆ ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ. ಇಷ್ಟೆಲ್ಲ ಅಚ್ಚಾಗಿರುವಾಗ, ಆ ಊರಿನಲ್ಲಿಯೇ ಸಂಬಳ ತೆಗೆದುಕೊಳ್ಳುತ್ತಿದ್ದ ಉಪಾಧ್ಯಾಯರಿಗೆ ಅದರ ಗಂಧವೂ ಇರಲಿಲ್ಲ.

ಅಂದಿನಿಂದ ನಮಗೆ ದಿಂಬಿನ ಹುಚ್ಚು ಹಿಡಿಯಿತು. ಮನೆಯವರು ನಗುತ್ತಾರೆ, ನಗಲಿ.

ಈಜಿಪ್ಟಿನವರು ಸಾವಿರಾರು ವರ್ಷಗಳ ಕಾಲ ಮರ, ಕಲ್ಲು, ದಂತಗಳ ತಲೆಗಿಂಬುಗಳನ್ನು ಬಳಸಿದರು. ಕೆಳಗೊಂದು ಪೀಠ, ನಡುವೆ ಒಂದು ಕಂಬ, ಮೇಲೆ ಕತ್ತನ್ನು ಆನುವ ಅರ್ಧಚಂದ್ರಾಕಾರದ ತೊಟ್ಟಿಲು, ಇಷ್ಟೇ ಅದರ ರಚನೆ. ಮೆತ್ತೆಯಿಲ್ಲದುದರಿಂದ ಕತ್ತಿನ ಕೆಳಗೆ ಗಾಳಿಯಾಡುವುದು. ಸೆಕೆಯ ನಾಡಿಗೆ ಇದು ಹೊಂದುವ ಉಪಾಯವೇ ಸರಿ. 1922ರಲ್ಲಿ ಹೊವಾರ್ಡ್ ಕಾರ್ಟರನು ತೆರೆದ ಟುಟಂಖಾಮನ್ ದೊರೆಯ ಸಮಾಧಿಯಲ್ಲಿ ದಂತದ ತಲೆಗಿಂಬೊಂದು ದೊರೆತಿದೆ. ಅದರಲ್ಲಿ ಷೂ ಎಂಬ ವಾಯುದೇವನು ಮಂಡಿಯೂರಿ ಎರಡು ಕೈಗಳಿಂದಲೂ ಆ ಅರ್ಧಚಂದ್ರವನ್ನು ಎತ್ತಿ ಹಿಡಿದಿದ್ದಾನೆ. ಎರಡು ಪಕ್ಕದಲ್ಲಿಯೂ ಒಂದೊಂದು ಸಿಂಹ. ಆ ಸಿಂಹಗಳು ಪೂರ್ವಪಶ್ಚಿಮ ದಿಗಂತಗಳೆಂದೂ, ನಡುವೆ ಮಲಗಿದವನ ಶಿರಸ್ಸು ಮತ್ತೆ ಉದಯಿಸಲಿರುವ ಸೂರ್ಯನೆಂದೂ ತಿಳಿದವರು ಅರ್ಥ ಹೇಳುತ್ತಾರೆ. ದಿಂಬಿನಲ್ಲಿ ಇಷ್ಟು ದೊಡ್ಡ ಕಲ್ಪನೆಯನ್ನು ತುಂಬಿದ ಶಿಲ್ಪಿಗೆ ನಾವು ದೂರದಿಂದಲೇ ಕೈಮುಗಿದೆವು.

ಜಪಾನಿನಲ್ಲಿ ಕಾರಣವೇ ಬೇರೆ. ಅಲ್ಲಿನ ಸ್ತ್ರೀಯರು ಎಣ್ಣೆ ಹಚ್ಚಿ ಎತ್ತರವಾಗಿ ಕಟ್ಟಿದ ತುರುಬು ಕೆಡಬಾರದೆಂದು, ಮರದ ಪೆಟ್ಟಿಗೆಯ ಮೇಲೆ ಪುಟ್ಟ ಸುರುಳಿಮೆತ್ತೆಯನ್ನು ಕಟ್ಟಿ, ಎಣ್ಣೆ ಹೀರಲು ಅದಕ್ಕೆ ಕಾಗದವನ್ನು ಸುತ್ತಿ, ಕತ್ತನ್ನು ಮಾತ್ರ ಅದರ ಮೇಲಿಟ್ಟು ಮಲಗುತ್ತಿದ್ದರು. ಇದನ್ನು ಓದಿದಾಗ ನಮಗೆ ನರಸೀಪುರದ ತಾಲ್ಲೂಕಿನಲ್ಲಿಯೇ ಇರುವ ಸೋಮನಾಥಪುರವು ನೆನಪಾಯಿತು. 1258ರಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಆ ಕೇಶವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ಪ್ರತಿಮೆಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಆ ಗೋಡೆಗಳ ದೇವಿಯರ ಕೇಶರಚನೆಯನ್ನು ನೋಡಿದವರಿಗೆ, ಅಂದಿನ ಸ್ತ್ರೀಯರು ರಾತ್ರಿಯ ಹೊತ್ತು ಆ ತುರುಬನ್ನು ಏನು ಮಾಡುತ್ತಿದ್ದರೆಂಬ ಪ್ರಶ್ನೆ ಹುಟ್ಟದಿರದು. ನಮ್ಮ ಮನೆಯವರು ಮಾತ್ರ, "ಬಿಚ್ಚಿ ಮಲಗುತ್ತಿದ್ದರು, ಇನ್ನೇನು?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಹೊಯ್ಸಳರ ಕಾಲದಲ್ಲಿಯೇ ಚೀನಾದೇಶದ ಸುಂಗ್ ವಂಶದ ಆಳ್ವಿಕೆಯಲ್ಲಿ ಪಿಂಗಾಣಿಯ ದಿಂಬುಗಳು ಆಗುತ್ತಿದ್ದುವು. ಬೋರಲಾಗಿ ಮಲಗಿದ ಮಗುವಿನ ಆಕಾರದ್ದೊಂದು ಬಹು ಪ್ರಸಿದ್ಧ. ಆದರೆ ನರಸೀಪುರಕ್ಕೆ ಎಲ್ಲಕ್ಕಿಂತ ಹತ್ತಿರದ ನೆಂಟಸ್ತಿಕೆ ಆಫ್ರಿಕಾದ್ದೆಂದು ನಮಗೆ ತೋರುತ್ತದೆ. ಕೆನ್ಯಾದೇಶದ ತುರ್ಕಾನರೆಂಬ ದನಗಾಹಿಗಳು ದಂಡದೊಡನೆ ಮರದ ಸಣ್ಣ ತಲೆಗಿಂಬನ್ನು ಕೈಯಲ್ಲಿ ಹಿಡಿದೇ ನಡೆಯುವರು. ಹಗಲು ಅದೇ ಪೀಠ, ಮಲಗುವಾಗ ಅದೇ ದಿಂಬು. ನಮ್ಮ ನೂತನಶಿಲಾಯುಗದವರ ಮುಖ್ಯ ಸಂಪತ್ತೂ ಗೋವುಗಳೇ ಆಗಿದ್ದುವು. ಈಜಿಪ್ಟಿನ ಪದ್ಧತಿಗೂ ನಮ್ಮದಕ್ಕೂ ಸಂಬಂಧವಿದ್ದಿತೇ ಎಂದು ವಿದ್ವಾಂಸರು ವಿಚಾರಿಸಿದ್ದಾರೆ. ಪರದೇಶದಿಂದ ಬಂದಿತೆಂದರೆ ಮಾತ್ರ ವಸ್ತುವಿಗೆ ಗೌರವ ಕೊಡುವ ಚಪಲವು ನಮ್ಮಲ್ಲಿದೆ. ಮನುಷ್ಯನ ಕತ್ತು ಎಲ್ಲ ನಾಡಿನಲ್ಲಿಯೂ ಒಂದೇ ಬಗೆಯಾಗಿರುವಾಗ, ಅದನ್ನು ಆನುವ ತಗ್ಗು ನೈಲಿನ ದಡದಲ್ಲಿಯೂ ಕಪಿಲೆಯ ದಡದಲ್ಲಿಯೂ ತಾನಾಗಿಯೇ ಹುಟ್ಟಬಾರದೇಕೆ? ಗುಂಜಾನರಸಿಂಹನ ಭಕ್ತರು ಈ ಕ್ಷೇತ್ರವು ಕಾಶಿಗಿಂತ ಗುಲಗಂಜಿಯಷ್ಟು ತೂಕ ಹೆಚ್ಚೆನ್ನುವರು. ನಾವು ಅಷ್ಟನ್ನು ಕೇಳುವುದಿಲ್ಲ, ಸಮತೂಕ ಸಾಕು.

ಗಟ್ಟಿಯಾದ ದಿಂಬೆಂದರೆ ಮೂಗು ಮುರಿಯುವವರು ಭೀಷ್ಮನನ್ನು ನೆನೆಯಲಿ. ಶರಶಯ್ಯೆಯಲ್ಲಿ ತಲೆ ಜೋಲುತ್ತಿರಲು ಅರಸರು ತಂದ ಮೃದುವಾದ ಉಪಧಾನಗಳನ್ನು ಆತನು ಒಲ್ಲದೆ, ಅರ್ಜುನನು ನೆಟ್ಟ ಮೂರು ಬಾಣಗಳ ಮೇಲೆ ತಲೆಯಿಟ್ಟನು. ಹಾಸಿಗೆಗೆ ಒಪ್ಪುವ ದಿಂಬೇ ದಿಂಬೆಂಬುದು ಆ ವೃದ್ಧನ ಅಭಿಪ್ರಾಯ. ಈ ಕಥೆಯನ್ನು ನಾವು ಎಷ್ಟು ಸಲ ಪಾಠ ಹೇಳಿಲ್ಲ!

ಹೊಳೆಯ ಎರಡು ದಡಗಳಲ್ಲಿಯೂ ಹೊಲಗದ್ದೆಗಳುಳ್ಳ ವಾಚಕರಲ್ಲಿ ಒಂದು ಬಿನ್ನಹ. ಉಳುವಾಗಲೋ ಪಾಯ ತೆಗೆಯುವಾಗಲೋ ಬೂದುಬಣ್ಣದ ಮೋಟುಕಾಲಿನ ತುಂಡು ಸಿಕ್ಕಿದರೆ ಅದನ್ನು ತೊಳೆಯದೆ, ಇನ್ನಷ್ಟು ಅಗೆಯದೆ, ಸಿಕ್ಕಿದ ಜಾಗವನ್ನೂ ಆಳವನ್ನೂ ಬರೆದಿಟ್ಟುಕೊಂಡು ಮೈಸೂರಿನ ಪುರಾತತ್ವ ಇಲಾಖೆಗೆ ತಿಳಿಸಬೇಕು. ಸಿಕ್ಕಿದ ಜಾಗವು ತಿಳಿಯದಿದ್ದರೆ ವಸ್ತುವು ಅರ್ಧ ಮೂಕವಾಗುತ್ತದೆ.

ಹೋದ ಮಾಘದಲ್ಲಿ ಸಂಗಮಸ್ನಾನಕ್ಕೆ ಹೋದಾಗ ಆ ಶಿಷ್ಯನು ಸೋಪಾನದ ಬಳಿ ಸಿಕ್ಕಿದನು. ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳಂತೆ. ಕಾಲು ಮುಟ್ಟಿ ನಮಸ್ಕರಿಸಿದನು. ಮಣ್ಣಿನ ತುಂಡಿನ ವಿಷಯವನ್ನೆತ್ತಿ, ಅದನ್ನು ಏನು ಮಾಡಿದೆಯೆಂದು ಅಳುಕುತ್ತಲೇ ಕೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿದನು.

"ನೀವೇ ಯೋಳಿದ್ರಲ್ಲ ಮೇಷ್ಟ್ರೇ, ಎಸ್ದು ಬಾ ಅಂತ. ಇಲ್ಲೇ ಹೊಳೆಗೆ ಎಸ್ದೆ" ಎಂದು ಅವನು ನೀರಿನ ಕಡೆ ಕೈ ತೋರಿಸಿದನು.